ಹನ್ನೆರಡು ವರ್ಷಕ್ಕೆ ಎಂಟು ನಿಮಿಷ

ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದುಬಿಡುತ್ತಾಳೆ. ಕೂಗುವ ಹುಂಜವಿಲ್ಲದ ಊರಿಗೆ ಬೆಳಗಾಗುವುದೇ ನಿಂತುಹೋಗುತ್ತದೆ. ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ 16 ನಿಮಿಷಗಳ ಕನ್ನಡ ಕಿರುಚಿತ್ರ ಹೊರಡುವುದು ಇಲ್ಲಿಂದ. ಮೈಸೂರಿನಲ್ಲಿ ವೈದ್ಯಕೀಯ ಓದಿ, ಆಮೇಲೆ ಪುಣೆಯ ಚಿತ್ರಶಾಲೆ ಎಫ್‌ಟಿಐಐ ಸೇರಿದ ಚಿದಾನಂದ ಎಸ್. ನಾಯಕ್ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಚಿತ್ರವಿದು. ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿಗಳ ಚಿತ್ರಗಳಿಗೆಂದೇ ಇರುವ ‘ಲಾ ಸಿನೆಫ್’ ವಿಭಾಗದಲ್ಲಿ 2024ರ ಮೊದಲ ಬಹುಮಾನ ಇದಕ್ಕೇ ಬಂತು. ಆ ವರ್ಷ ಜಗತ್ತಿನ 555 ಚಿತ್ರಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು. ಆಯ್ಕೆಯಾದವು 18.

ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದು ನಂಬಿದ್ದ ಅಜ್ಜಿಯ ಕಥೆ ಕೇಳದೆ ಬೆಳೆದ ಕನ್ನಡದ ಮಗು ಅಪರೂಪ. ನಮ್ಮ ಜಗಲಿಯ ಮೇಲೆ ಬಿದ್ದಿದ್ದ ಆ ಜಾನಪದ ಕಥೆಯನ್ನು ಎತ್ತಿಕೊಂಡು ವಿದ್ಯಾರ್ಥಿಗಳ ತಂಡವೊಂದು ಸಿನಿಮಾದಲ್ಲಿ ಕಾಲವನ್ನೇ ನಿಲ್ಲಿಸಿತು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕು ದಿನ. ಊರು ಕತ್ತಲಲ್ಲಿ ಮುಳುಗಿದೆ ಎಂದು ಕಥೆಯಲ್ಲೇ ತೀರ್ಮಾನವಾದ ಮೇಲೆ ಸೂರ್ಯನ ಬೆಳಕು ಒಂದು ಶಾಟ್‌ನಿಂದ ಇನ್ನೊಂದಕ್ಕೆ ಬದಲಾಗುವ ತಲೆನೋವೇ ಉಳಿಯುವುದಿಲ್ಲ. ಕಥೆ, ಬೆಳಕು, ಶೆಡ್ಯೂಲು ಮೂರೂ ಒಂದೇ ಯೋಚನೆಯಿಂದ ಹುಟ್ಟಿದಾಗ ಮಾತ್ರ ನಾಲ್ಕು ದಿನ ಸಾಕಾಗುತ್ತದೆ.

‘ಕಾಲ’ ಎಂಬ ವಿಷಯ ಮಾಧ್ಯಮ ಕಾಲೇಜುಗಳಲ್ಲಿ, ಚಿತ್ರಶಾಲೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರಾಜೆಕ್ಟ್ ಕೊಟ್ಟ ದಿನ ಸಂಜೆಯೇ ಹುಡುಗರ ತಲೆಗೆ ಬರುವ ದೃಶ್ಯಗಳೂ ಒಂದೇ ಬಗೆಯವು. ಗೋಡೆ ಗಡಿಯಾರದ ಮುಳ್ಳು, ಹಾರಿಹೋಗುವ ಕ್ಯಾಲೆಂಡರ್ ಹಾಳೆ, ಉದುರುವ ಎಲೆ, ಕಪ್ಪು ಬಿಳುಪಿಗೆ ತಿರುಗುವ ನೆನಪು. ಇವನ್ನೆಲ್ಲ ನೋಡಿದ ಪ್ರೇಕ್ಷಕನಿಗೆ ಕಾಲ ಸರಿಯಿತು ಎಂಬ ಸುದ್ದಿ ಸಿಗುತ್ತದೆ, ಸರಿದ ಕಾಲದ ಭಾರ ಮಾತ್ರ ತಟ್ಟುವುದಿಲ್ಲ. ಅದು ತಟ್ಟಬೇಕಾದರೆ ಕ್ಯಾಮೆರಾ ಕೈಗೆತ್ತಿಕೊಳ್ಳುವ ಬಹಳ ಮೊದಲೇ ಕೆಲವು ನಿರ್ಧಾರಗಳಾಗಿರಬೇಕು.

ಸಿನಿಮಾ ಹುಟ್ಟಿದ ಮರುವರ್ಷವೇ ಕಾಲದ ಜೊತೆ ಆಟ ಶುರುವಾಗಿತ್ತು. 1896ರಲ್ಲಿ ಲೂಮಿಯೇರ್ ಸಹೋದರರ ಕಂಪನಿ ಒಂದು ಗೋಡೆ ಕೆಡವುವ ಕೆಲಸವನ್ನು ಚಿತ್ರೀಕರಿಸಿತು. ಗೋಡೆ ಬೀಳುತ್ತದೆ, ಧೂಳೇಳುತ್ತದೆ. ಆಮೇಲೆ ಅದೇ ರೀಲನ್ನು ಹಿಂದುಮುಂದಾಗಿ ಓಡಿಸಿದರು. ಧೂಳು ಅಡಗಿ, ಇಟ್ಟಿಗೆಗಳು ಎದ್ದು, ಗೋಡೆ ಮತ್ತೆ ನಿಂತುಕೊಂಡಿತು. ಒಂದು ನಿಮಿಷವೂ ಇಲ್ಲದ ಆ ತುಣುಕಿನಲ್ಲಿ ಕಥೆಯಿಲ್ಲ, ಪಾತ್ರವಿಲ್ಲ, ಮಾತಿಲ್ಲ. ಹಾಗಿದ್ದರೂ ನೋಡಿದವರು ಬೆರಗಾದರು. ಬಿದ್ದದ್ದು ಏಳುವುದನ್ನು ಅಲ್ಲಿಯವರೆಗೆ ಯಾವ ಮನುಷ್ಯನೂ ಕಣ್ಣಾರೆ ಕಂಡಿರಲಿಲ್ಲ.

ಆ ಗೋಡೆಯ ಚಿತ್ರದಲ್ಲಿ ಕ್ಯಾಮೆರಾ ಒಂದೇ ಕಡೆ ನಿಂತಿದೆ ಎನ್ನುವುದನ್ನು ಗಮನಿಸಬೇಕು. ಹಿನ್ನೆಲೆ ಕದಲದೆ ಇರುವುದರಿಂದಲೇ ಗೋಡೆಯ ಏಳುಬೀಳು ನಮಗೆ ಕಾಣುತ್ತದೆ. ಎಲ್ಲವೂ ಒಟ್ಟಿಗೆ ಬದಲಾದರೆ ಕಣ್ಣಿಗೆ ಬದಲಾವಣೆ ಸಿಗುವುದೇ ಇಲ್ಲ, ಬೇರೆ ಜಾಗಕ್ಕೆ ಬಂದೆವೇನೋ ಅನಿಸುತ್ತದೆ. ಕಾಲದ ಬಗ್ಗೆ ಚಿತ್ರ ಮಾಡಹೊರಟ ತಂಡ ಮೊದಲ ಸಭೆಯಲ್ಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲಿದೆ: ನಮ್ಮ ಚಿತ್ರದಲ್ಲಿ ಕೊನೆಯವರೆಗೂ ಬದಲಾಗದೆ ಉಳಿಯುವುದು ಯಾವುದು?

ಆರ್ಸನ್ ವೆಲ್ಸ್ ‘ಸಿಟಿಜನ್ ಕೇನ್’ (1941) ಚಿತ್ರದಲ್ಲಿ ಇದಕ್ಕೆ ಕೊಟ್ಟ ಉತ್ತರ ಒಂದು ತಿಂಡಿ ಮೇಜು. ಗಂಡ ಹೆಂಡತಿ ಬೆಳಗಿನ ತಿಂಡಿಗೆ ಕೂತಿದ್ದಾರೆ. ಮೊದಲ ತುಣುಕಿನಲ್ಲಿ ಹೊಸ ಪ್ರೀತಿ, ಆಮೇಲೆ ಸಣ್ಣ ಕೊಂಕು, ಮುಂದೆ ಜಗಳ. ಕೊನೆಯಲ್ಲಿ ಮಾತೇ ಇಲ್ಲ. ಅವಳು ಓದುತ್ತಿರುವುದು ಗಂಡನ ಎದುರಾಳಿಯ ಪತ್ರಿಕೆ. ಎರಡು ನಿಮಿಷ ದಾಟುತ್ತಿದ್ದಂತೆ ಒಂದು ದಾಂಪತ್ಯ ಪೂರ್ತಿ ಸವೆದುಹೋಗಿರುತ್ತದೆ. ಮೇಜು ಅದೇ, ಹೊತ್ತು ಅದೇ, ಕೂತವರು ಅವರೇ. ಬದಲಾದದ್ದು ಬಟ್ಟೆ, ದನಿ, ನಡುವಿನ ಅಂತರ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ, ಯಾಕೆಂದರೆ ಇದನ್ನು ಒಂದೇ ಕೋಣೆಯಲ್ಲಿ ಮಾಡಬಹುದು.

ಕಿರುಚಿತ್ರಗಳ ಲೋಕದಲ್ಲೂ ಇಂಥ ಒಂದು ವಸ್ತುವನ್ನು ಹಿಡಿದು ಗೆದ್ದವರಿದ್ದಾರೆ. ಮೈಕೆಲ್ ಡ್ಯೂಡಾಕ್ ಡಿ ವಿಟ್ ಅವರ ‘ಫಾದರ್ ಅಂಡ್ ಡಾಟರ್’ (2000) ಎಂಟೂವರೆ ನಿಮಿಷದ ಆನಿಮೇಷನ್. ದೋಣಿ ಹತ್ತಿ ಹೋದ ಅಪ್ಪನಿಗಾಗಿ ಮಗಳು ಅದೇ ಏರಿಯ ಮೇಲಕ್ಕೆ ಸೈಕಲ್ ತುಳಿದು ಬರುತ್ತಾಳೆ. ಹುಡುಗಿಯಾಗಿ, ಯುವತಿಯಾಗಿ, ತಾಯಿಯಾಗಿ, ಮುದುಕಿಯಾಗಿ ಬರುತ್ತಾಳೆ. ಏರಿ ಮಾತ್ರ ಹಾಗೇ ಇರುತ್ತದೆ. ಜಪಾನಿನ ಕುನಿಯೊ ಕಾಟೊ 2008ರಲ್ಲಿ ಮಾಡಿದ ಹನ್ನೆರಡು ನಿಮಿಷದ ಚಿತ್ರದಲ್ಲಿ ನೀರು ಏರುತ್ತಾ ಹೋದಂತೆ ಮುದುಕನೊಬ್ಬ ಮನೆಯ ಮೇಲೆ ಮನೆ ಕಟ್ಟಿಕೊಳ್ಳುತ್ತಾನೆ. ನೀರಿಗೆ ಬಿದ್ದ ಪೈಪನ್ನು ಹುಡುಕಿ ಕೆಳಕ್ಕಿಳಿದಾಗ ಒಂದೊಂದು ಅಂತಸ್ತಿನಲ್ಲೂ ಅವನ ಒಂದೊಂದು ಹಳೆಯ ಬದುಕು ಎದುರಾಗುತ್ತದೆ. ಎರಡಕ್ಕೂ ಆಸ್ಕರ್ ಬಂತು, ಎರಡರಲ್ಲೂ ಪಾತ್ರಗಳು ಮಾತಾಡುವುದಿಲ್ಲ. ಏರುವ ನೀರನ್ನೇ ಗಡಿಯಾರ ಮಾಡಿಕೊಂಡ ಚಿತ್ರ ಕನ್ನಡದಲ್ಲೂ ಇದೆ. ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿದ ಗಿರೀಶ ಕಾಸರವಳ್ಳಿಯವರ ‘ದ್ವೀಪ’ದಲ್ಲಿ ಅಣೆಕಟ್ಟಿನ ಹಿನ್ನೀರು ಮನೆಯ ಮೆಟ್ಟಿಲಿನತ್ತ ಬರುವುದನ್ನು ನೋಡುತ್ತಾ ಕೂತವರಿಗೆ ತಾರೀಖು ಹೇಳುವ ಅಗತ್ಯವೇ ಬೀಳುವುದಿಲ್ಲ.

ಹಾಗಾದರೆ ನಮ್ಮ ಊರಿನ ವಿದ್ಯಾರ್ಥಿ ತಂಡವೊಂದು ಎಂಟು ನಿಮಿಷದ ಚಿತ್ರವನ್ನು ಯೋಜಿಸುವುದು ಹೇಗೆ? ಊಹೆಗೆ ಒಂದು ಕಥೆ ಇಟ್ಟುಕೊಂಡು ನೋಡಬಹುದು. ಜಾಗ, ಸಣ್ಣ ಊರಿನ ಒಂದು ಟೈಲರ್ ಅಂಗಡಿ.

ಹೊಲಿಗೆಯವರ ವರ್ಷಕ್ಕೆ ಅದರದೇ ಲೆಕ್ಕವಿದೆ. ಜೂನ್ ಬಂದರೆ ಶಾಲೆಯ ಯೂನಿಫಾರ್ಮು, ಆಮೇಲೆ ಹಬ್ಬಗಳ ಸಾಲು, ಬೇಸಿಗೆಗೆ ಮದುವೆ ಬ್ಲೌಸುಗಳ ರಾಶಿ. ಗಲ್ಲಾ ಪೆಟ್ಟಿಗೆಯ ಪಕ್ಕ ಅಳತೆ ಪುಸ್ತಕ. ಒಂದನೇ ತರಗತಿಗೆ ಸೇರಿದ ಹುಡುಗಿಯೊಬ್ಬಳು 2012ರ ಜೂನ್‌ನಲ್ಲಿ ಅಮ್ಮನ ಕೈ ಹಿಡಿದು ಅಂಗಡಿಗೆ ಬರುತ್ತಾಳೆ. ಟೈಲರ್ ಟೇಪು ಹಿಡಿದು ಸೊಂಟ, ಉದ್ದ ನೋಡಿ ಬರೆದುಕೊಳ್ಳುತ್ತಾನೆ. ಅಮ್ಮ ಹೇಳುತ್ತಾಳೆ: “ಮಾಸ್ಟ್ರೇ, ಒಳಗೆ ಸ್ವಲ್ಪ ಬಟ್ಟೆ ಬಿಡಿ, ಬರೋ ವರ್ಷಕ್ಕೂ ಆಗ್ಬೇಕು.” ಅಲ್ಲಿಂದ ಆ ಹುಡುಗಿ ಎರಡನೇ ಪಿಯುಸಿ ಮುಗಿಸುವ 2024ರ ಬೇಸಿಗೆಯವರೆಗೆ ಕಥೆ. ಹನ್ನೆರಡು ವರ್ಷ, ಎಂಟು ನಿಮಿಷ.

ಬದಲಾಗದ ವಸ್ತು ಯಾವುದೆಂಬ ಪ್ರಶ್ನೆಗೆ ಇಲ್ಲಿ ಉತ್ತರ ತಾನಾಗಿ ಬರುತ್ತದೆ. ಕಟಿಂಗ್ ಟೇಬಲ್, ಅದರಾಚೆ ಕೂತ ಮನುಷ್ಯ, ಅಳತೆ ಪುಸ್ತಕ. ಬದಲಾಗುವುದು ಆ ಪುಸ್ತಕದ ಅಂಕಿ. ಲಂಗದ ಉದ್ದ ವರ್ಷದಿಂದ ವರ್ಷಕ್ಕೆ ಒಂದೊಂದು, ಎರಡೆರಡು ಇಂಚು ಬೆಳೆಯುತ್ತದೆ. ಬೇರೆ ಬೇರೆ ವರ್ಷದ ಶಾಯಿ, ಒಂದೇ ಕೈಬರಹ. ಹುಡುಗಿಯ ಹೆಸರಿನ ಮುಂದಿರುವ ಆ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ತೋರಿಸುವ ಒಂದು ಶಾಟ್, ಹತ್ತು ಸಂಭಾಷಣೆಯ ಕೆಲಸ ಮಾಡುತ್ತದೆ.

ಇನ್ನೂ ಹತ್ತಿರಕ್ಕೆ ಹೋದರೆ ಒಳಗೆ ಬಿಟ್ಟ ಬಟ್ಟೆ ಇದೆ. ಬೆಳೆಯುವ ಮಕ್ಕಳ ಲಂಗದ ಅಂಚನ್ನು ದಪ್ಪಗೆ ಒಳಮಡಚಿ ಹೊಲಿಯುವುದು ಎಲ್ಲ ಟೈಲರುಗಳಿಗೂ ಗೊತ್ತಿರುವ ಪದ್ಧತಿ. ಮರುವರ್ಷ ಹೊಲಿಗೆ ಬಿಚ್ಚಿ ಅಂಚನ್ನು ಇಳಿಸಿದಾಗ, ಬಿಸಿಲಿಗೂ ಸೋಪಿಗೂ ಸಿಕ್ಕಿ ಮಾಸಿದ ನೀಲಿಯ ಕೆಳಗೆ ಒಂದು ಪಟ್ಟಿ ಹೊಸ ನೀಲಿ ಕಾಣುತ್ತದೆ. ನಡುವೆ ಹಳೆಯ ಮಡಿಕೆಯ ಗೆರೆ, ಎಷ್ಟು ಇಸ್ತ್ರಿ ಮಾಡಿದರೂ ಹೋಗದ್ದು. ಅಂಚು ಬಿಚ್ಚುವ ಬ್ಲೇಡಿನ ತುದಿ, ದಾರದ ತುಂಡುಗಳನ್ನು ಕೊಡವುವ ಬೆರಳು, ಬೆಳಕಿಗೆ ಬಂದ ಆ ಪಟ್ಟಿ. ಕ್ಲೋಸ್‌ಅಪ್‌ನಲ್ಲಿ ಇಷ್ಟು ಸಿಕ್ಕರೆ ಒಂದು ವರ್ಷ ಕಳೆದದ್ದು ಪರದೆಯ ಮೇಲೆ ಸಾಬೀತಾಗುತ್ತದೆ. ಇದಕ್ಕೆ ಬೇಕಾದ ಖರ್ಚು ಒಂದೇ ಥಾನಿನ ಎರಡು ಮೀಟರ್ ಬಟ್ಟೆ. ಅದರಲ್ಲಿ ಹೊಲಿದ ಲಂಗವನ್ನು ಅಂಚು ಮಡಚಿಟ್ಟೇ ಕೆಲವು ವಾರ ಬಿಸಿಲಿನಲ್ಲಿ ಒಗೆದು ಒಣಗಿಸುತ್ತಿರಬೇಕು. ಕಲಾ ವಿಭಾಗ ನೋಡಿಕೊಳ್ಳುವ ಹುಡುಗ ಅಥವಾ ಹುಡುಗಿ ಚಿತ್ರೀಕರಣಕ್ಕೆ ಎರಡು ತಿಂಗಳು ಮೊದಲೇ ಶುರುಮಾಡಬೇಕಾದ ಕೆಲಸವಿದು.

ಆರು ವರ್ಷದವಳು, ಹನ್ನೊಂದರವಳು, ಹದಿನೇಳರವಳು ಒಬ್ಬಳೇ ಎಂದು ನಂಬಿಸುವುದು ಹೇಗೆ? ರಿಚರ್ಡ್ ಲಿಂಕ್‌ಲೇಟರ್ ‘ಬಾಯ್‌ಹುಡ್’ಗಾಗಿ 2002ರಿಂದ 2013ರವರೆಗೆ ಪ್ರತಿವರ್ಷ ಕೆಲವೇ ದಿನ ಚಿತ್ರೀಕರಿಸಿ, ಆರು ವರ್ಷದ ಹುಡುಗ ಹದಿನೆಂಟಕ್ಕೆ ಬರುವವರೆಗೆ ಕಾದರು. ವಿದ್ಯಾರ್ಥಿಗೆ ಅಷ್ಟು ವರ್ಷಗಳಿಲ್ಲ. ಆದರೆ ಟೈಲರ್ ಅಂಗಡಿಯಲ್ಲೊಂದು ಅನುಕೂಲವಿದೆ. ಅಳತೆ ತೆಗೆಯುವವನ ನೋಟ ಇರುವುದು ಭುಜ, ತೋಳು, ಸೊಂಟ, ಪಾದಗಳ ಮೇಲೆ. ಕ್ಯಾಮೆರಾವನ್ನು ಅವನ ಕಣ್ಣಿನ ಮಟ್ಟದಲ್ಲಿಟ್ಟು ಹುಡುಗಿಯ ಮುಖವನ್ನು ಫ್ರೇಮಿನಿಂದ ಹೊರಗಿಟ್ಟರೆ ಮೂವರು ಹುಡುಗಿಯರು ಒಬ್ಬಳಾಗುತ್ತಾರೆ. ಮುಖ ತೋರಿಸುವುದು ಒಮ್ಮೆ ಮಾತ್ರ, ಕೊನೆಯ ಭೇಟಿಯಲ್ಲಿ. ಆಗ ಅವಳು ಟೈಲರನಿಗಿಂತ ಎತ್ತರವಾಗಿರುತ್ತಾಳೆ.

ಇನ್ನು ವರ್ಷಗಳನ್ನು ಗುರುತಿಸುವುದು. ಪರದೆಯ ಮೇಲೆ ‘2016’ ಎಂದು ಅಕ್ಷರ ಮೂಡಿಸುವುದು ಸುಲಭ, ಮಾಡದಿದ್ದರೆ ಇನ್ನೂ ಒಳ್ಳೆಯದು. 2016ರ ನವೆಂಬರ್ 8ರ ರಾತ್ರಿ ಹಳೆಯ 500 ರೂಪಾಯಿ ನೋಟು ರದ್ದಾಯಿತು. ಗಿರಾಕಿಯೊಬ್ಬರು ಮಡಿಚಿದ ಹಳೆಯ ನೋಟು ಚಾಚಿದಾಗ ಟೈಲರ್ ಕೈ ಹಿಂದೆಗೆದರೆ ಸಾಕು, ಭಾರತದ ಪ್ರೇಕ್ಷಕರಿಗೆ ತಿಂಗಳು ಸಮೇತ ಗೊತ್ತಾಗುತ್ತದೆ. ಮೇಜಿನ ಮೇಲಿನ ಗುಂಡಿ ಫೋನು ಟಚ್ ಫೋನಾಗುತ್ತದೆ. ಪೆಡಲ್ ಮಷಿನ್ನಿಗೆ ಮೋಟಾರು ಬರುತ್ತದೆ. ಕೈಬರಹದ ಬೋರ್ಡು ಹೋಗಿ ಫ್ಲೆಕ್ಸ್ ಬರುತ್ತದೆ. ಕೊನೆಕೊನೆಗೆ ಕ್ಯೂಆರ್ ಕೋಡಿನ ಸ್ಟಿಕ್ಕರು, ಹಣ ಬಂತೆಂದು ಕೂಗುವ ಪುಟ್ಟ ಡಬ್ಬಿ. ಇವೆಲ್ಲವನ್ನೂ ತುರುಕಬಾರದು. ಪ್ರತಿ ಭೇಟಿಗೆ ಒಂದು ಬದಲಾವಣೆ ಸಾಕು, ಅದೂ ಫ್ರೇಮಿನ ಮೂಲೆಯಲ್ಲಿ. ಟೈಲರ್ ಅದನ್ನು ನೋಡಬಾರದು, ಪ್ರೇಕ್ಷಕ ನೋಡಬೇಕು.

ಮತ್ತೆ, 2020ರ ಜೂನ್. ಆ ಜೂನ್‌ನಲ್ಲಿ ಶಾಲೆ ತೆರೆಯಲಿಲ್ಲ. ಅಳತೆ ಪುಸ್ತಕದಲ್ಲಿ ಆ ಹುಡುಗಿಯ ಸಾಲು ಖಾಲಿ. ಟೈಲರ್ ಯೂನಿಫಾರ್ಮಿನ ಉಳಿಕೆ ಬಟ್ಟೆಯಲ್ಲಿ ಮಾಸ್ಕ್ ಹೊಲಿಯುತ್ತಿದ್ದಾನೆ. ಈ ಕಥೆಯ ಅತ್ಯಂತ ಗಟ್ಟಿಯಾದ ಅರ್ಧ ನಿಮಿಷ ಇದೇ ಆಗಬಹುದು. ಏನೂ ಬರೆಯದೆ ಬಿಟ್ಟ ಒಂದು ಗೆರೆ, ಮುಂದಿನ ಗೆರೆಯಲ್ಲಿ ಒಮ್ಮೆಲೇ ಜಿಗಿದ ಅಂಕಿ. ಮಕ್ಕಳು ಯಾರ ಕಣ್ಣಿಗೂ ಬೀಳದೆ ಮನೆಯೊಳಗೇ ಬೆಳೆದುಬಿಟ್ಟ ಆ ಎರಡು ವರ್ಷಗಳ ಬಗ್ಗೆ ನಮ್ಮ ಸಿನಿಮಾ ಹೇಳಿದ್ದು ತೀರಾ ಕಡಿಮೆ. ಈಗ ಕಾಲೇಜಿನಲ್ಲಿರುವವರು ಆಗ ಬೆಳೆಯುತ್ತಿದ್ದ ಆ ಮಕ್ಕಳೇ. ಹೇಳಬೇಕಾದವರೂ ಅವರೇ.

ಎಂಟು ನಿಮಿಷವೆಂದರೆ ಸುಮಾರು ಎಂಟು ಪುಟದ ಚಿತ್ರಕಥೆ. ಪುಟಕ್ಕೊಂದು ನಿಮಿಷ ಎಂಬ ಲೆಕ್ಕ ಕಥಾಚಿತ್ರಗಳಲ್ಲಿ ಹಳೆಯದು. ಮಾತು ಕಡಿಮೆಯಿರುವ ಇಂಥ ಚಿತ್ರದಲ್ಲಿ ಅದನ್ನು ಪೂರ್ತಿ ನಂಬುವಂತಿಲ್ಲ. ‘ಟೈಲರ್ ಅಂಚು ಬಿಚ್ಚುತ್ತಾನೆ’ ಎಂಬ ಮೂರು ಪದದ ಸಾಲು ತೆರೆಯ ಮೇಲೆ ನಲವತ್ತು ಸೆಕೆಂಡು ತಿನ್ನಬಹುದು. ಹಾಗಾಗಿ ಬರೆದ ದೃಶ್ಯವನ್ನು ಕೋಣೆಯಲ್ಲಿ ನಟಿಸಿ, ಫೋನಿನ ಸ್ಟಾಪ್‌ವಾಚ್ ಹಿಡಿದು ಅಳೆದುಕೊಳ್ಳುವುದು ಕ್ಷೇಮ. ಆರು ಭೇಟಿಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ ಎಂಬುದು ಆಗ ಗೊತ್ತಾಗುತ್ತದೆ. ಹನ್ನೆರಡು ವರ್ಷಗಳಲ್ಲಿ ಯಾವ ಆರನ್ನು ಬಿಡಬೇಕು ಎಂಬ ವಾದ ತಂಡದೊಳಗೆ ಜೋರಾಗಿ ನಡೆಯಲಿ. ಚಿತ್ರಕಥೆ ಗಟ್ಟಿಯಾಗುವುದು ಆ ವಾದದಲ್ಲಿ.

ಚಿತ್ರೀಕರಣದ ಕ್ರಮ ಕಥೆಯ ಕ್ರಮ ಆಗಿರಬೇಕಿಲ್ಲ. ಟೈಲರ್ ಪಾತ್ರಧಾರಿಗೆ ಕೊನೆಯ ದೃಶ್ಯದಲ್ಲಿ ಉದ್ದ ಗಡ್ಡವಿದ್ದರೆ ಅದನ್ನೇ ಮೊದಲು ತೆಗೆದು, ಆಮೇಲೆ ಗಡ್ಡ ಕತ್ತರಿಸಿ ಯೌವನಕ್ಕೆ ಹೋಗುವುದು ಜಾಣತನ. ಕೂದಲು ಬೆಳೆಯುವುದು ತಿಂಗಳಿಗೆ ಹೆಚ್ಚೂಕಡಿಮೆ ಒಂದು ಸೆಂಟಿಮೀಟರ್, ಯಾವ ನಿರ್ದೇಶಕನ ಅವಸರಕ್ಕೂ ಅದು ಜಗ್ಗುವುದಿಲ್ಲ.

ಕಾಯುವ ವಿಚಾರದಲ್ಲಿ ಸತ್ಯಜಿತ್ ರಾಯ್ ಅವರ ಅನುಭವ ದೊಡ್ಡದು. ‘ಪಥೇರ್ ಪಾಂಚಾಲಿ’ಯ ಮೊದಲ ಚಿತ್ರೀಕರಣ 1952ರ ಅಕ್ಟೋಬರ್‌ನಲ್ಲಿ, ಅಪು ಮತ್ತು ದುರ್ಗಾ ರೈಲು ನೋಡಲು ಓಡುವ ಬಿಳಿ ಕಾಶ್ ಹೂವಿನ ಬಯಲಿನಲ್ಲಿ. ತಂಡ ಭಾನುವಾರಗಳಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಮುಂದಿನ ಭಾನುವಾರ ಹೋದರೆ ಬಯಲಿನಲ್ಲಿ ಹೂವಿಲ್ಲ, ದನಗಳು ಮೇಯ್ದುಬಿಟ್ಟಿದ್ದವು. ಉಳಿದ ಅರ್ಧ ದೃಶ್ಯಕ್ಕಾಗಿ ಮರುವರ್ಷ ಹೂ ಬಿಡುವವರೆಗೆ ಕಾದರು. ದುಡ್ಡು ಮುಗಿದು ಕೆಲಸ ಮತ್ತೆ ಮತ್ತೆ ನಿಂತಾಗ ಅವರನ್ನು ಕಾಡಿದ ಭಯಗಳೂ ಕಾಲದವೇ: ಅಪುವಿನ ದನಿ ಒಡೆಯಬಾರದು, ದುರ್ಗಾ ಬೆಳೆದುಬಿಡಬಾರದು, ಮುದುಕಿ ಇಂದಿರ್ ಠಾಕ್ರುನ್ ಪಾತ್ರಧಾರಿ ಚುನಿಬಾಲಾ ದೇವಿ ತೀರಿಕೊಳ್ಳಬಾರದು. ಮೂರೂ ಆಗಲಿಲ್ಲ. 1955ರಲ್ಲಿ ಚಿತ್ರ ಹೊರಬಂತು.

ಡೇವಿಡ್ ಲಿಂಚ್ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ವಿದ್ಯಾರ್ಥಿಯಾಗಿದ್ದಾಗ ಕೈಗೆತ್ತಿಕೊಂಡ ‘ಇರೇಸರ್‌ಹೆಡ್’ ಮುಗಿಯಲು 1977 ಬರಬೇಕಾಯಿತು. ನಾಯಕ ಜ್ಯಾಕ್ ನ್ಯಾನ್ಸ್ ಒಂದು ಶಾಟ್‌ನಲ್ಲಿ ಬಾಗಿಲಿನ ಹಿಡಿ ತಿರುಗಿಸುತ್ತಾನೆ. ಅದೇ ಬಾಗಿಲಿನಿಂದ ಒಳಬರುವ ಮುಂದಿನ ಶಾಟ್ ತೆಗೆದದ್ದು ಸುಮಾರು ಒಂದೂವರೆ ವರ್ಷದ ನಂತರ. ಅಷ್ಟು ಕಾಲವೂ ಅವನು ಆ ವಿಚಿತ್ರ ಕೇಶವಿನ್ಯಾಸಕ್ಕೆ ಬೇಕಾದ ಕೂದಲನ್ನು ಹಾಗೇ ಉಳಿಸಿಕೊಂಡಿದ್ದ. ತೆರೆಯ ಮೇಲೆ ಆ ಒಂದೂವರೆ ವರ್ಷ ಕಾಣುವುದೇ ಇಲ್ಲ. ಕಂಟಿನ್ಯುಟಿ ಎಂಬ ಕೆಲಸದ ಬೆಲೆ ಇಷ್ಟು. ಪ್ರತಿ ಶಾಟ್ ಮುಗಿದ ಕೂಡಲೇ ಟೇಬಲ್ಲಿನ, ಗೋಡೆಯ, ನಟರ ಬಟ್ಟೆಯ ಫೋಟೋ ತೆಗೆದಿಡುವ ಒಬ್ಬರು ತಂಡದಲ್ಲಿ ಇರಲೇಬೇಕು. ಅವರಿಗೆ ಬೇರೆ ಯಾವ ಕೆಲಸವನ್ನೂ ವಹಿಸಬಾರದು.

ಹೆಚ್ಚಿನ ತಂಡಗಳು ಕ್ಯಾಮೆರಾ ಬಾಡಿಗೆಗೆ ತಂದು ಮೂರು ದಿನದಲ್ಲಿ ಎಲ್ಲವನ್ನೂ ಮುಗಿಸಲು ನೋಡುತ್ತವೆ. ಕಾಲದ ಬಗ್ಗೆ ಚಿತ್ರ ಮಾಡುವವರು ಹಾಗೆ ಮಾಡಿದರೆ ಕೈಯಲ್ಲಿರುವ ದೊಡ್ಡ ಸಂಪತ್ತನ್ನು ಚೆಲ್ಲಿದಂತೆ. ವಿದ್ಯಾರ್ಥಿಗಳ ಹತ್ತಿರ ದುಡ್ಡಿಲ್ಲ ನಿಜ. ಆದರೆ ಅವರ ಬಳಿ ಜೂನ್‌ನಿಂದ ಏಪ್ರಿಲ್‌ವರೆಗೆ ಒಂದು ಇಡೀ ವರ್ಷವಿದೆ. ಕೋಟಿ ಸುರಿಯುವ ನಿರ್ಮಾಪಕನಿಗೆ ಸಿಗದ ಸೌಲಭ್ಯ ಅದು. ನಟರು, ಮಾತು ಇರುವ ದೃಶ್ಯಗಳನ್ನು ಮೂರು ದಿನಕ್ಕೆ ಇಟ್ಟುಕೊಳ್ಳಲಿ. ಅಂಗಡಿಯ ಬಾಗಿಲು ಕಾಣುವ ಒಂದೇ ಒಂದು ಶಾಟನ್ನು ಮಾತ್ರ ವರ್ಷವಿಡೀ, ಅದೇ ಜಾಗದಿಂದ, ತಿಂಗಳಿಗೊಮ್ಮೆ ತೆಗೆಯಲಿ. ಮೊದಲ ಮಳೆಗೆ ಬಾಗಿಲಲ್ಲಿ ಒದ್ದೆ ಕೊಡೆಗಳು, ಆಯುಧಪೂಜೆಯಂದು ಮಷಿನ್ನಿಗೆ ಹೂವಿನ ಹಾರ, ಮಾರ್ಚಿನ ಧೂಳು. ಇದಕ್ಕೆ ಫೋನ್ ಕ್ಯಾಮೆರಾ ಸಾಕು. ಟ್ರೈಪಾಡಿನ ಮೂರು ಕಾಲು ನಿಂತ ಜಾಗಕ್ಕೆ ಬಣ್ಣದ ಚುಕ್ಕೆ, ಎತ್ತರವನ್ನು ಟೈಲರ್ ಟೇಪಿನಲ್ಲೇ ಅಳೆದು ಬರೆದಿಟ್ಟ ಚೀಟಿ, ಮೊದಲ ಫ್ರೇಮಿನ ಒಂದು ಪ್ರಿಂಟು. ಪ್ರತಿ ಸಲ ಇವನ್ನು ನೋಡಿಕೊಂಡೇ ಕ್ಯಾಮೆರಾ ನಿಲ್ಲಿಸಿದರೆ ಹತ್ತು ತಿಂಗಳ ಶಾಟುಗಳು ಒಂದರ ಮೇಲೊಂದು ಕೂರುತ್ತವೆ.

ಈ ವರ್ಷದ ಯೋಜನೆಗೆ ನಮ್ಮ ಆಕಾಶವೇ ಸಹಾಯ ಮಾಡುತ್ತದೆ. ಕರ್ನಾಟಕ ಇಡಿಯಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಹಾಗಾಗಿ ಜೂನ್ ಕೊನೆಯ ನಡುಹಗಲಿನಲ್ಲಿ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತಾನೆ, ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಚೆನ್ನಾಗಿ ವಾಲಿರುತ್ತಾನೆ. ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿ. ಅಂಗಡಿಯ ಬಾಗಿಲು ದಕ್ಷಿಣಕ್ಕಿದ್ದರೆ ಚಳಿಗಾಲದ ಬಿಸಿಲು ಹೊಸ್ತಿಲು ದಾಟಿ ಒಳಗಿನ ನೆಲಕ್ಕೆ ಬರುತ್ತದೆ, ಜೂನ್‌ನ ನಡುಹಗಲಿನಲ್ಲಿ ಒಳಗೆ ಕಾಲಿಡುವುದಿಲ್ಲ. ಲೊಕೇಶನ್ ನೋಡಲು ಹೋದಾಗ ಬಾಗಿಲ ದಿಕ್ಕು ಯಾವುದೆಂದು ಕೇಳುವುದು ಇದಕ್ಕೇ. ಸಂಜೆಯ ಬಣ್ಣವನ್ನು ನೆಚ್ಚಿಕೊಂಡವರಿಗೆ ಇನ್ನೊಂದು ಎಚ್ಚರಿಕೆ: ಸೂರ್ಯ ಮುಳುಗಿದ ಮೇಲೆ ನಮ್ಮಲ್ಲಿ ಕೆಲಸಕ್ಕೆ ಬರುವ ಬೆಳಕು ಉಳಿಯುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ.

ಬೆಳಕನ್ನು ಕಾಲದ ಮಾತಾಗಿಸಿದವರಲ್ಲಿ ಮೈಸೂರಿನ ವಿ.ಕೆ. ಮೂರ್ತಿ ದೊಡ್ಡ ಹೆಸರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಮುಪ್ಪಾದ ನಿರ್ದೇಶಕನೊಬ್ಬ ತನ್ನ ಹಳೆಯ ಸ್ಟುಡಿಯೋಗೆ ಮರಳುವ ಚಿತ್ರ. ಅದರ ‘ವಕ್ತ್ ನೇ ಕಿಯಾ’ ಹಾಡಿಗೆ ಸ್ಟುಡಿಯೋದ ಕತ್ತಲೆಯನ್ನು ಸೀಳಿಕೊಂಡು ಬರುವ ಬೆಳಕಿನ ಕೋಲು ಬೇಕಿತ್ತು. ಮೂರ್ತಿಯವರು ದೊಡ್ಡ ದೀಪಗಳ ಮೊರೆಹೋಗಲಿಲ್ಲ. ಹೊರಗೊಂದು ದೊಡ್ಡ ಕನ್ನಡಿ ಇಟ್ಟು ಬಿಸಿಲನ್ನು ಒಳಕ್ಕೆ ತಿರುಗಿಸಿ, ಒಳಗಿನ ಇನ್ನೊಂದು ಕನ್ನಡಿಯಿಂದ ಅದನ್ನು ಬೇಕಾದ ಕಡೆಗೆ ಹಾಯಿಸಿದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರದ ಅತಿ ಹೆಸರುವಾಸಿಯಾದ ದೃಶ್ಯಕ್ಕೆ ಬೆಳಕು ಬಂದದ್ದು ಹೀಗೆ. ಟೈಲರ್ ಅಂಗಡಿಯಲ್ಲಿ ಗಿರಾಕಿಗಳು ನೋಡಿಕೊಳ್ಳುವ ನಿಲುವುಗನ್ನಡಿ ಹೇಗೂ ಇರುತ್ತದೆ.

ಎಚ್ಚರ ತಪ್ಪಿದರೆ ಇಡೀ ದಿನದ ಕೆಲಸ ಹಾಳುಮಾಡುವ ಸಣ್ಣ ಸಂಗತಿಗಳೂ ಇವೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು, ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಕಟ್ಟಿಹಾಕದಿದ್ದರೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಹರಿದಾಡುತ್ತವೆ. ಟೈಮ್‌ಲ್ಯಾಪ್ಸ್ ಮಾಡುವವರಿಗೆ ಲೆಕ್ಕ ಮೊದಲು, ಕ್ಯಾಮೆರಾ ಆಮೇಲೆ. ಸೆಕೆಂಡಿಗೆ 24 ಫ್ರೇಮಿನಂತೆ ಹತ್ತು ಸೆಕೆಂಡಿಗೆ 240 ಫೋಟೋ ಬೇಕು. ನೆಲದ ಮೇಲಿನ ಬಿಸಿಲು ಎರಡು ಗಂಟೆಯಲ್ಲಿ ಸರಿಯುವುದನ್ನು ಹಿಡಿಯಬೇಕಾದರೆ 7,200 ಸೆಕೆಂಡನ್ನು 240ರಿಂದ ಭಾಗಿಸಿ. 30 ಸೆಕೆಂಡಿಗೊಂದು ಫೋಟೋ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡನ್ನೂ ಆಟೋದಿಂದ ತೆಗೆದಿಡಬೇಕು, ಇಲ್ಲವಾದರೆ ಒಂದು ಮೋಡ ಬಂದು ಹೋದರೂ ಚಿತ್ರ ಮಿಣಮಿಣ ಎನ್ನುತ್ತದೆ. ಇಂಗ್ಲೆಂಡಿನ ಪರ್ಸಿ ಸ್ಮಿತ್ ಹೂಗಳು ಅರಳುವುದನ್ನು ಈ ವಿಧಾನದಲ್ಲಿ ತೋರಿಸಿದ್ದು 1910ರಲ್ಲಿ. ಅಂದಿನಿಂದ ನೋಡುತ್ತಾ ಬಂದ ಕಣ್ಣಿಗೆ ಅರಳುವ ಹೂವು, ಓಡುವ ಮೋಡ ಹೊಸದಲ್ಲ. ಕಟಿಂಗ್ ಟೇಬಲ್ಲಿನ ಕೆಳಗೆ ದಿನವಿಡೀ ಏರುತ್ತಾ ಹೋಗುವ ಬಟ್ಟೆ ಚೂರುಗಳ ಗುಡ್ಡೆಯನ್ನು ಯಾರೂ ಹಾಗೆ ನೋಡಿರಲಾರರು.

ವಿಡಿಯೋ ಕ್ಯಾಮೆರಾವೇ ಇಲ್ಲದಿದ್ದರೂ ಇಂಥ ಚಿತ್ರ ಸಾಧ್ಯ. ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ 28 ನಿಮಿಷದ ‘ಲಾ ಜೆತೆ’ ಬಹುತೇಕ ಪೂರ್ತಿ ಕಪ್ಪು ಬಿಳುಪಿನ ಫೋಟೋಗಳಿಂದ ಕಟ್ಟಿದ್ದು. ಭೂತ ಭವಿಷ್ಯಗಳ ನಡುವೆ ಓಡಾಡುವ ಮನುಷ್ಯನ ಕಥೆ. ಅಷ್ಟು ಹೊತ್ತಿನಲ್ಲಿ ಚಲಿಸುವ ಚಿತ್ರ ಒಂದೇ ಒಂದು ಕ್ಷಣ ಬರುತ್ತದೆ, ಮಲಗಿದ ಹೆಣ್ಣು ಕಣ್ಣು ತೆರೆದು ನೋಡಿದಾಗ. ನೋಡಿದವರು ಅದನ್ನು ಮರೆಯುವುದಿಲ್ಲ.

ಶಬ್ದದ ಯೋಜನೆಯನ್ನು ಕೊನೆಗೆ ತಳ್ಳುವುದು ನಮ್ಮ ವಿದ್ಯಾರ್ಥಿ ಚಿತ್ರಗಳ ದೊಡ್ಡ ದೌರ್ಬಲ್ಯ. ಕಾಲವನ್ನು ಕಿವಿ ಕಣ್ಣಿಗಿಂತ ಬೇಗ ಹಿಡಿಯುತ್ತದೆ. ಪೆಡಲಿನ ಟಕಟಕ ಹೋಗಿ ಮೋಟಾರಿನ ಗೊರ್ರ್ ಬಂದರೆ, ಬೆಳಗಿನ ರೇಡಿಯೋ ವಾರ್ತೆಯ ಜಾಗದಲ್ಲಿ ಫೋನಿನಿಂದ ರೀಲ್ಸ್ ಕೇಳಿಸಿದರೆ, ಚಿತ್ರದಲ್ಲಿ ಏನೂ ಬದಲಾಗದೆಯೂ ವರ್ಷಗಳು ದಾಟಿರುತ್ತವೆ. ಅದೇ ಅಂಗಡಿಯಲ್ಲಿ ಬೆಳಿಗ್ಗೆ, ಮಟಮಟ ಮಧ್ಯಾಹ್ನ, ದೀಪ ಹಚ್ಚುವ ಹೊತ್ತು ಐದೈದು ನಿಮಿಷ ಸುಮ್ಮನೆ ಆಂಬಿಯೆನ್ಸ್ ರೆಕಾರ್ಡ್ ಮಾಡಿಟ್ಟುಕೊಂಡರೆ ಎಡಿಟಿಂಗ್‌ನಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಆಯಾ ವರ್ಷದ ಹಿಟ್ ಹಾಡು ಹಾಕಿ ಕಾಲ ಸೂಚಿಸುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಭಾರತದ ಕಾನೂನಿನಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ, ಸಂಗೀತದ ಹಕ್ಕು ಬರೆದವರ, ರಾಗ ಹಾಕಿದವರ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ. ಕಾಲೇಜಿನ ಸಭಾಂಗಣದಲ್ಲಿ ತೋರಿಸುವಾಗ ಯಾರೂ ಕೇಳದೆ ಇರಬಹುದು, ಚಿತ್ರೋತ್ಸವಕ್ಕೆ ಕಳಿಸುವಾಗ ಅನುಮತಿ ಪತ್ರ ಕೇಳುತ್ತಾರೆ. ಸಂಗೀತ ಕಲಿಯುತ್ತಿರುವ ಗೆಳೆಯರಿಂದ ಹೊಸದೇ ರಾಗ ಹಾಕಿಸಿ ಹಳೆಯ ರೇಡಿಯೋದ ದನಿಯಲ್ಲಿ ಕೇಳಿಸುವುದು ಇದಕ್ಕಿರುವ ನೇರ ದಾರಿ.

ಎಡಿಟಿಂಗ್ ಮೇಜಿನ ಮೇಲೆ ಮೊದಲ ಕಟ್ ಹದಿಮೂರೋ ಹದಿನಾಲ್ಕೋ ನಿಮಿಷ ಬಂದರೆ ಗಾಬರಿಯಾಗಬೇಕಿಲ್ಲ. ತೆಗೆಯಬೇಕಾದದ್ದು ಸಾಮಾನ್ಯವಾಗಿ ಭೇಟಿಗಳ ನಡುವಿನ ವಿವರಣೆ. ಉಳಿಸಿಕೊಳ್ಳಬೇಕಾದದ್ದು ಅಂಚು ಬಿಚ್ಚುವ ನಿಧಾನ. ಕಾಲದ ಚಿತ್ರದಲ್ಲಿ ಒಂದಾದರೂ ಶಾಟ್ ತನ್ನ ಪೂರ್ತಿ ಹೊತ್ತು ನಿಲ್ಲಬೇಕು, ಪ್ರೇಕ್ಷಕರಿಗೆ ಸ್ವಲ್ಪ ಉದ್ದವಾಯಿತು ಅನಿಸಿದರೂ ಸರಿ.

ಆಮೇಲೆ ಕಥೆ ಗೊತ್ತಿಲ್ಲದ ಐದಾರು ಮಂದಿಯನ್ನು ಕೂರಿಸಿ ತೋರಿಸಬೇಕು. ತಂಡದವರಲ್ಲದ, ಸಿನಿಮಾ ಓದದ, ಸಾಧ್ಯವಾದರೆ ಬೇರೆ ಬೇರೆ ವಯಸ್ಸಿನ ಜನ. ಚೆನ್ನಾಗಿದೆಯಾ ಎಂದು ಕೇಳಬಾರದು. ಒಂದೇ ಪ್ರಶ್ನೆ: ಈ ಅಂಗಡಿಯಲ್ಲಿ ಎಷ್ಟು ವರ್ಷ ಕಳೆಯಿತು? ಒಬ್ಬರು ಹತ್ತು ಎಂದು, ಇನ್ನೊಬ್ಬರು ಹದಿನೈದು ಎಂದರೆ ಚಿಂತೆಯಿಲ್ಲ. ಒಬ್ಬರು ಎರಡು ವರ್ಷ ಎಂದು, ಮತ್ತೊಬ್ಬರು ಅವರು ಮೂವರು ಬೇರೆ ಬೇರೆ ಹುಡುಗಿಯರಲ್ಲವೇ ಎಂದು ಕೇಳಿದರೆ ಒಂದೆರಡು ಶಾಟ್ ಮತ್ತೆ ತೆಗೆಯಬೇಕಾಗುತ್ತದೆ. ಹೆಚ್ಚಿನಂಶ ಅದು ಅಳತೆ ಪುಸ್ತಕದ ಒಂದು ಕ್ಲೋಸ್‌ಅಪ್ಪೋ, ಹುಡುಗಿಯ ಹೆಸರು ಕೇಳಿಸುವ ಒಂದು ಮಾತೋ ಆಗಿರುತ್ತದೆ. ಅದಕ್ಕಾಗಿ ಶೆಡ್ಯೂಲಿನಲ್ಲಿ ಏಪ್ರಿಲ್‌ನ ಒಂದು ದಿನವನ್ನು ಮೊದಲೇ ಖಾಲಿ ಇಡಬೇಕು. ಆ ದಿನದವರೆಗೆ ಟೈಲರ್ ಪಾತ್ರಧಾರಿ ಹೊಸದಾಗಿ ಕ್ಷೌರ ಮಾಡಿಸಿಕೊಳ್ಳಬಾರದು, ಲಂಗ, ಪುಸ್ತಕ, ಹಳೆಯ ಕ್ಯಾಲೆಂಡರು ಯಾವುದನ್ನೂ ಯಾರೂ ಮನೆಗೆ ಒಯ್ಯಬಾರದು.